ಬೋರ್ಡು, ಅರಗು ಮತ್ತು ವಾಹನ ನಿಲುಗಡೆ

ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರದಿಂದ ಮುದ್ರಿಸುವ ಫ್ಲೆಕ್ಸ್ ಬರುವವರೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಅಂಗಡಿಯ ಹೆಸರು, ಸಿನಿಮಾದ ಬ್ಯಾನರು, ಗೋಡೆಯ ಜಾಹೀರಾತುಗಳೆಲ್ಲವೂ ಬೋರ್ಡು ಬರೆಯುವವರ ಕುಂಚದಿಂದಲೇ ಮೂಡುತ್ತಿದ್ದವು. ಓಡುವ ಬಸ್ಸಿನಿಂದಲೂ ಓದಲು ಬರುವಂತೆ ಅಕ್ಷರವನ್ನು ದಪ್ಪವಾಗಿಸಿ, ಮಗ್ಗುಲಿಗೆ ನೆರಳು ಕೊಟ್ಟು, ಹಿನ್ನೆಲೆಗೆ ಎದ್ದು ಕಾಣುವ ಬಣ್ಣ ಆರಿಸುವುದು ಈ ಕಸುಬಿನ ಮೊದಲ ಪಾಠವಾಗಿತ್ತು. ಇಂದು ಗ್ರಾಫಿಕ್ ವಿನ್ಯಾಸ ಎನ್ನಲಾಗುವ ವಿದ್ಯೆಯ ಬಹುಭಾಗವನ್ನು, ಆ ಹೆಸರನ್ನೇ ಕೇಳದ ಈ ಜನ ರೂಢಿಯಿಂದ ಬಲ್ಲವರಾಗಿದ್ದರು.

ಫ್ಲೆಕ್ಸಿನಿಂದ ಕೆಲಸ ಕಳೆದುಕೊಂಡ ಇಂಥ ಕಲಾವಿದರಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2009ರಲ್ಲಿ ರಾಜಧಾನಿಯ ರಸ್ತೆಬದಿಯ ಗೋಡೆಗಳನ್ನು ವಹಿಸಿಕೊಟ್ಟಿತು. ತೆರೆದ ಸ್ಥಳಗಳನ್ನು ವಿರೂಪಗೊಳಿಸದಂತೆ ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಿಂದಲೇ ಇದ್ದರೂ ಅದು ನಿಲ್ಲಿಸಲಾಗದ ಭಿತ್ತಿಪತ್ರಗಳ ಹಾವಳಿಯನ್ನು ಹಂಪಿ, ಅರಮನೆ, ಕಾಡುಪ್ರಾಣಿಗಳ ಚಿತ್ರಗಳು ತಡೆಯಬಹುದೆಂಬುದು ಪಾಲಿಕೆಯ ಲೆಕ್ಕಾಚಾರವಾಗಿತ್ತು. ಗೋಡೆಗಳೇನೋ ಕಳೆಗಟ್ಟಿದವು, ಆದರೆ ಬೋರ್ಡು ಬರೆಯುವವರ ನಿಜವಾದ ಬಲವಾದ ಅಕ್ಷರಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ಅಕ್ಷರಕ್ಕೂ ಬಣ್ಣಕ್ಕೂ ಒಟ್ಟಿಗೆ ಕೆಲಸವಿರುವ ಜಾಗವೆಂದರೆ ವಾಹನ ನಿಲುಗಡೆಯ ಕಟ್ಟಡ. ಲಂಡನ್ನಿನ ಡೆನ್‌ಮನ್ ಬೀದಿಯಲ್ಲಿ 1901ರಲ್ಲೇ ಏಳು ಅಂತಸ್ತಿನ, ಲಿಫ್ಟ್ ಇದ್ದ ಗ್ಯಾರೇಜು ತೆರೆದಿತ್ತು. ಮುಂದೆ ಕಾಂಕ್ರೀಟಿನಲ್ಲಿ ಕಟ್ಟಿದ ಇಂಥ ಕಟ್ಟಡಗಳಲ್ಲಿ ತಗ್ಗಾದ ಸೂರು, ಮಂದ ಬೆಳಕು, ಒಂದೇ ಅಂತರದಲ್ಲಿ ನಿಂತ ಒಂದೇ ತೆರನ ಕಂಬಗಳು ಸೇರಿ, ಮಂಕು ಕವಿಯುವುದರ ಜೊತೆಗೆ ಕಾರನ್ನು ಎಲ್ಲಿ ನಿಲ್ಲಿಸಿದ್ದೆಂಬ ನೆನಪನ್ನೂ ಅಳಿಸುವಂಥ ವಾತಾವರಣ ಬೆಳೆಯಿತು. ಮೆಲ್ಬರ್ನ್ ನಗರದ ಯುರೇಕಾ ಗೋಪುರದ ನಿಲುಗಡೆಯಲ್ಲಿ 2006ರ ಸುಮಾರಿಗೆ ವಿನ್ಯಾಸಕ ಆಕ್ಸೆಲ್ ಪೀಮೋಲರ್ ಇದಕ್ಕೊಂದು ಜಾಣ ಪರಿಹಾರ ತೋರಿಸಿದರು. 'ಒಳಗೆ', 'ಹೊರಗೆ', 'ಮೇಲೆ', 'ಕೆಳಗೆ' ಎಂಬರ್ಥದ ಇಂಗ್ಲಿಷ್ ಪದಗಳನ್ನು ಗೋಡೆ ಮತ್ತು ನೆಲದ ಮೇಲೆ ಚೂರುಚೂರಾಗಿ ಹಿಗ್ಗಿಸಿ ಬರೆದು, ಚಾಲಕ ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ಚೂರುಗಳು ಕೂಡಿ ಪದವಾಗುವಂತೆ ಮಾಡಿದರು. ಅಲಂಕಾರವೇ ಕೈಮರವೂ ಆದದ್ದು ಅದರ ಹೆಚ್ಚುಗಾರಿಕೆ.

ಮೈಸೂರು ರಸ್ತೆಯ ಈ ಸೀಮೆಗೆ ಮೆಲ್ಬರ್ನಿನ ಮಾದರಿಗಿಂತ ಹತ್ತಿರವಾದದ್ದು ಚನ್ನಪಟ್ಟಣದಲ್ಲೇ ಇದೆ. ಟಿಪ್ಪು ಸುಲ್ತಾನನ ಕಾಲದ ಆಶ್ರಯದೊಂದಿಗೆ ತಳಕು ಹಾಕಲಾಗುವ, 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರ ಹೆಸರಿನೊಂದಿಗೆ ಹೊಸ ತಂತ್ರ ಪಡೆದ ಇಲ್ಲಿನ ಬೊಂಬೆಯ ಕಸುಬಿನಲ್ಲಿ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಲೇತ್ ಯಂತ್ರದಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಉಂಗುರದಂತೆ ಹತ್ತುತ್ತದೆ. ತಾಳೆಗರಿ ಎಂದು ಕರೆಯುವ ಕೇದಗೆ ಜಾತಿಯ ಎಲೆಯಿಂದ ತಿಕ್ಕಿದಾಗ ಅದಕ್ಕೆ ಹೊಳಪು ಬರುತ್ತದೆ. ಹಳದಿಯ ಪಕ್ಕ ಕೆಂಪು, ಅದರಾಚೆ ಹಸಿರು ಎಂದು ಪಟ್ಟಿಗಳ ಸರದಿ ಬದಲಾದಂತೆ ಒಂದೇ ಆಕಾರದ ತುಂಡುಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು, ಅಕ್ಷರ ಬಾರದ ಮಗುವೂ ಗುರುತಿಸಬಹುದು. ನಿಲುಗಡೆಯ ದುಂಡು ಕಂಬಕ್ಕೆ ಬೇಕಾದದ್ದೂ ಇದೇ ಗುಣ: ಅಂತಸ್ತಿಗೊಂದು ಸರದಿಯ ಪಟ್ಟಿ, ಅದರ ಮೇಲೆ ಬೋರ್ಡು ಬರೆಯುವವರ ದಪ್ಪ ಕನ್ನಡ ಅಂಕಿ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಸಾಗುವುದರಿಂದ, ಹಳೆಯ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ತಾನಾಗಿ ನಿಲ್ಲುತ್ತಿದ್ದ ಕಾರುಗಳನ್ನು ಈಗ ಕರೆದು ನಿಲ್ಲಿಸಬೇಕಾಗಿದೆ. ನಿಲುಗಡೆಯ ಅಂದ ಅಲ್ಲಿ ವ್ಯಾಪಾರದ ಪ್ರಶ್ನೆಯೂ ಹೌದು. ಆದರೆ ತಿರುಗದ ಕಂಬಕ್ಕೆ ಅರಗು ಹತ್ತದು; ಕಾಂಕ್ರೀಟಿಗೆ ಎನಾಮಲ್ ಬಣ್ಣವೇ ಗತಿ, ಚನ್ನಪಟ್ಟಣದಿಂದ ಅಲ್ಲಿಗೆ ಸಾಗಬಹುದಾದದ್ದು ಪಟ್ಟಿಗಳ ಲೆಕ್ಕವಷ್ಟೇ.