ಪಶ್ಚಿಮ ಕರ್ನೂಲಿನ ಬಿಸಿಲು: ಬೀದಿಯ ಮರ, ಮಾಳಿಗೆಯ ಸೌರಫಲಕ

ಮಾರ್ಚ್ ತಿಂಗಳ ಮಧ್ಯಭಾಗದಿಂದ ಆಂಧ್ರದ ಶಾಲೆಗಳು ಒಪ್ಪೊತ್ತಿಗೆ ಇಳಿಯುತ್ತವೆ. ನಮ್ಮ ಭಾಗದಲ್ಲಿ ಕನ್ನಡದ ಮಕ್ಕಳೂ ಇದನ್ನು ‘ಒಂಟಿಪೂಟ ಬಡಿ’ ಎಂದೇ ಕರೆಯುತ್ತಾರೆ. ಬಿಸಿಲಿನಿಂದ ಮಕ್ಕಳನ್ನು ಕಾಪಾಡುವುದೇ ಈ ವ್ಯವಸ್ಥೆಯ ಉದ್ದೇಶ. ಆದರೆ ಪೆದ್ದಕಡುಬೂರು ಮಂಡಲದ ಹಳ್ಳಿಗಳಲ್ಲಿ ಶಾಲೆ ಬಿಟ್ಟ ಮಕ್ಕಳು ಮನೆಗೆ ನಡೆಯುವುದು ಸೂರ್ಯ ನೆತ್ತಿಯ ಮೇಲಿರುವ ಹೊತ್ತಿನಲ್ಲೇ. ದಾರಿಯಲ್ಲಿ ಮರವಿದ್ದಲ್ಲಿ ನಿಲ್ಲುತ್ತಾರೆ, ಇಲ್ಲದಲ್ಲಿ ಓಡುತ್ತಾರೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೆ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಡಳಿತ ಬದಲಾದರೂ ನೆಲ ಬದಲಾಗಲಿಲ್ಲ: ಅದೇ ಎರೆಭೂಮಿ, ಅದೇ ಹತ್ತಿಯ ಬಯಲು. 2022ರ ಏಪ್ರಿಲ್ 4ರಂದು ನಂದ್ಯಾಲ ಜಿಲ್ಲೆ ಪ್ರತ್ಯೇಕವಾದಾಗ ನಲ್ಲಮಲ ಅರಣ್ಯ ಆ ಕಡೆಗೆ ಹೋಯಿತು. ಅದುವರೆಗೆ ಕಾಗದದ ಮೇಲಾದರೂ ನಮ್ಮದು ಕಾಡುಳ್ಳ ಜಿಲ್ಲೆಯೆನಿಸಿತ್ತು. ಈಗ ಬೀದಿಯ, ಗುಡಿಯಂಗಳದ, ಶಾಲೆಯ ಮರಗಳನ್ನೇ ಎಣಿಸಬೇಕಾಗಿದೆ.

ಹವಾಮಾನ ಬದಲಾವಣೆಯ ಮಾತು ಬಂದಾಗ ಮರವನ್ನೂ ಸೌರಫಲಕವನ್ನೂ ಜೊತೆಜೊತೆಯಾಗಿ ಹೆಸರಿಸುವುದು ವಾಡಿಕೆ. ಇವೆರಡರ ಕೆಲಸ ಬೇರೆಬೇರೆ ಎಂಬುದನ್ನು ಮಾತ್ರ ವಿರಳವಾಗಿ ಹೇಳಲಾಗುತ್ತದೆ. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕ ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ಅಂದರೆ ವರ್ಷಕ್ಕೆ ಸುಮಾರು 1,400 ಯೂನಿಟ್ ವಿದ್ಯುತ್ ಕೊಡುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಉತ್ಪಾದಿಸಲು ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾಗಿ ಆ ಫಲಕ ವರ್ಷಕ್ಕೆ ಒಂದು ಟನ್ನಿಗೂ ಹೆಚ್ಚು ಇಂಗಾಲವನ್ನು ತಡೆಯಬಲ್ಲದು. ಬೆಳೆದ ಬೇವಿನ ಮರವೊಂದು ವರ್ಷಕ್ಕೆ ಹೀರುವುದು ಕೆಲವು ಹತ್ತು ಕಿಲೋಗಳಷ್ಟೆ. ಇಂಗಾಲದ ಲೆಕ್ಕದಲ್ಲಿ ಮರ ಫಲಕಕ್ಕೆ ಸಾಟಿಯಲ್ಲ.

ಆದರೆ ಬಿಸಿಲಿನ ಲೆಕ್ಕ ಬೇರೆ. ಮರದ ಕೆಳಗಿನ ಡಾಂಬರು ಕಾಯುವುದಿಲ್ಲ. ಕಾಯದ ಡಾಂಬರು ರಾತ್ರಿಯಿಡೀ ಶಾಖವನ್ನು ಉಗುಳುವುದಿಲ್ಲ. ಬೇರು ಹೀರಿದ ನೀರು ಎಲೆಗಳ ಮೂಲಕ ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಓರ್ವಕಲ್ಲು ಬಳಿ 2017ರಲ್ಲಿ ಕಾರ್ಯಾರಂಭಿಸಿದ ಸೌರ ಉದ್ಯಾನದ ಸಾಮರ್ಥ್ಯ 1,000 ಮೆಗಾವ್ಯಾಟ್. ದೇಶಕ್ಕೆ ಅದು ಬೇಕು. ಆದರೆ ಶಾಲೆಯಿಂದ ಮರಳುವ ಮಗುವಿಗೆ ಅದರಿಂದ ಒಂದು ಗೇಣು ನೆರಳೂ ಸಿಗದು. ಆದ್ದರಿಂದ ‘ಮರ ಕಡಿದರೇನು, ಸೋಲಾರ್ ಹಾಕಿಸುತ್ತೇವಲ್ಲ’ ಎಂಬ ಸಮಾಧಾನವನ್ನು ಒಪ್ಪಲಾಗದು. ‘ಸಸಿ ನೆಟ್ಟೆವಲ್ಲ, ಇನ್ನೇನು ಬೇಕು’ ಎಂಬುದನ್ನೂ ಒಪ್ಪಲಾಗದು.

ಎರಡೂ ಒಂದೇ ಮನೆಯಲ್ಲಿ ಕೂಡಿ ಬಾಳಬಹುದು. ಫಲಕಗಳು ದಕ್ಷಿಣಕ್ಕೆ ಮುಖಮಾಡಿ, ನಮ್ಮ ಅಕ್ಷಾಂಶಕ್ಕೆ ಹೊಂದುವಂತೆ ಸುಮಾರು 15 ಡಿಗ್ರಿ ಓರೆಯಾಗಿರಬೇಕು. ಅವುಗಳ ಒಂದು ಮೂಲೆಗೆ ನೆರಳು ಬಿದ್ದರೂ ಒಟ್ಟು ಉತ್ಪಾದನೆ ಕುಗ್ಗುತ್ತದೆ. ಆದ್ದರಿಂದ ದಕ್ಷಿಣಕ್ಕೆ ಎತ್ತರದ ಮರ ಬೇಡ. ಸಂಜೆಯ ಬಿಸಿಲು ಗೋಡೆಯನ್ನು ಕಾಯಿಸುವ ಪಶ್ಚಿಮದಲ್ಲಿ, ಮಾಳಿಗೆಗೆ ನೆರಳು ಚಾಚದಷ್ಟು ಅಂತರ ಬಿಟ್ಟು, ಮರವಿರಲಿ. ಇನ್ನೊಂದು ಸಂಗತಿ: 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಫಲಕ ಕಾದಂತೆಲ್ಲ ಅದರ ಕ್ಷಮತೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಕೆಳಗೆ ಗಾಳಿಯಾಡುವಂತೆ ಫಲಕವನ್ನು ಎತ್ತರಿಸಿ ಕೂರಿಸಬೇಕು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಮಾಳಿಗೆಗೆ ಕೇಂದ್ರದ ಸಹಾಯಧನ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟುದಕ್ಕೆ 78,000 ರೂಪಾಯಿ.

ಮರದ ವಿಷಯದಲ್ಲಿ ಹಣಕ್ಕಿಂತ ನೀರಿನದೇ ಚಿಂತೆ. ಕೆ.ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ವನಮಹೋತ್ಸವವನ್ನು ನಾವೂ ಪ್ರತಿ ಜುಲೈಯಲ್ಲಿ ಆಚರಿಸುತ್ತೇವೆ. ಒಂದು ವರ್ಷ ನಾನೇ ನಿಂತು ಮಕ್ಕಳಿಂದ ಇಪ್ಪತ್ತು ಸಸಿ ನೆಡಿಸಿದೆ. ಫೋಟೋಗಳೂ ಚೆನ್ನಾಗಿ ಬಂದವು. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಬಾಗಿಲು ತೆರೆದಾಗ ಉಳಿದದ್ದು ಮೂರು. ರಜೆಯಲ್ಲಿ ನೀರು ಹಾಕುವವರು ಯಾರೆಂದು ನಾನು ಯೋಚಿಸಿಯೇ ಇರಲಿಲ್ಲ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಕೊಡಗಳಲ್ಲಿ ನೀರು ಹೊತ್ತದ್ದು ಅದೇ ಬೇಸಿಗೆಗಳಲ್ಲಿ ಎಂಬುದು ಆಗ ನೆನಪಾಯಿತು. ಮರುವರ್ಷ ಐದೇ ಸಸಿ ನೆಟ್ಟೆವು. ಪ್ರತಿಯೊಂದರ ಬುಡದಲ್ಲಿ ತಳಕ್ಕೆ ಸಣ್ಣ ತೂತು ಕೊರೆದು ಬತ್ತಿ ತೂರಿಸಿದ ಮಣ್ಣಿನ ಮಡಕೆ ಹೂಳಿ, ವಾರಕ್ಕೆರಡು ಸಲ ತುಂಬುವ ಹೊಣೆಯನ್ನು ಹತ್ತಿರದ ಮನೆಗಳಿಗೆ ವಹಿಸಿದೆವು. ಐದೂ ಉಳಿದಿವೆ.

ಜಾತಿಯ ಆಯ್ಕೆಯಲ್ಲಿ ಅವಸರ ಸಲ್ಲದು. ಬೇಗ ಹಸುರಾಗುತ್ತದೆಂದು ಎಲ್ಲೆಡೆ ಬಂದ ಕೊನೊಕಾರ್ಪಸ್ ಅನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ನಮ್ಮ ಎರೆಭೂಮಿಗೆ ಬೇವು, ಹೊಂಗೆ, ಹುಣಸೆ ಒಗ್ಗಿದ ಮರಗಳು. ಹೊಂಗೆಗೆ ಮತ್ತೊಂದು ಗುಣವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ, ಕರ್ನಾಟಕದ ಕಗ್ಗನಹಳ್ಳಿಯಲ್ಲಿ ಅದರಿಂದಲೇ ವಿದ್ಯುತ್ ಒದಗಿಸಿ ತೋರಿಸಿದ್ದರು. ನೆರಳು ಕೊಡುವ ಮರವೇ ಇಂಧನವನ್ನೂ ಕೊಟ್ಟ ಅಪರೂಪದ ಉದಾಹರಣೆ ಇದು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲೊಂದು ಸಣ್ಣ ತೊಡಕು. ಪುಸ್ತಕದಲ್ಲಿ ‘ಹೊಂಗೆ’ ಎಂದು ಓದಿದವರು ಸಸಿಗಳ ನರ್ಸರಿಯಲ್ಲಿ ‘ಕಾನುಗ’ ಎಂಬ ಫಲಕ ಕಂಡು ಬರಿಗೈಯಲ್ಲಿ ಹಿಂದಿರುಗಿದ್ದಾರೆ. ಬೇವು ಅಲ್ಲಿ ವೇಪ, ಹುಣಸೆ ಚಿಂತ, ಅರಳಿ ರಾವಿ, ಆಲ ಮರ್ರಿ. ಈ ಜೋಡಿ ಹೆಸರುಗಳನ್ನು ಈಗ ನಮ್ಮ ತರಗತಿಯ ಗೋಡೆಯ ಮೇಲೆ ಬರೆಸಿದ್ದೇವೆ.