ಅಸ್ಮಾ ಜಿಲಾನಿ ಎಂಬ ಹೆಸರು

ಲಾಹೋರಿನ ಅಸ್ಮಾ ಜಹಾಂಗೀರ್ ವಕೀಲರಾಗುವ ಮೊದಲೇ ಅವರ ಹೆಸರು ಪಾಕಿಸ್ತಾನದ ಕಾನೂನು ಪುಸ್ತಕಗಳಲ್ಲಿ ಸೇರಿಹೋಗಿತ್ತು. ವಾದಿಸಿದವರಾಗಿ ಅಲ್ಲ, ಅರ್ಜಿದಾರರಾಗಿ.

ಪೂರ್ವ ಬಂಗಾಳದಲ್ಲಿ ಸೇನೆ ನಡೆಸಿದ ದಮನವನ್ನು ಖಂಡಿಸಿದ್ದ ರಾಜಕಾರಣಿ ಮಲಿಕ್ ಗುಲಾಂ ಜಿಲಾನಿ ಅವರನ್ನು 1971ರ ಡಿಸೆಂಬರಿನಲ್ಲಿ ಬಂಧಿಸಲಾಯಿತು. ಬಿಡುಗಡೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿದವರು ಅವರ ಮಗಳು, ಇಪ್ಪತ್ತರ ಅಂಚಿನಲ್ಲಿದ್ದ ಅಸ್ಮಾ. ಲಾಹೋರ್ ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಅದಕ್ಕೆ ಆಧಾರ 1958ರ ದೋಸೊ ಪ್ರಕರಣ. ಕ್ಷಿಪ್ರಕ್ರಾಂತಿ ಗೆದ್ದರೆ ಅದೇ ಹೊಸ ಕಾನೂನಿನ ಮೂಲ ಎಂದಿತ್ತು ಆ ತೀರ್ಪು. ಅಂದರೆ ಬಲವಿದ್ದವನದೇ ರಾಜ್ಯ. 1972ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಜನರಲ್ ಯಾಹ್ಯಾ ಖಾನ್ ಅಧಿಕಾರವನ್ನು ಅಪಹರಿಸಿದವರು ಎಂದು ಸಾರಿತು.

ದೊಡ್ಡ ತೀರ್ಪೇ ಸರಿ. ಆದರೆ ಯಾಹ್ಯಾ ಕುರ್ಚಿ ಬಿಟ್ಟು ಆಗಲೇ ನಾಲ್ಕು ತಿಂಗಳಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ! 1977ರಲ್ಲಿ ಜನರಲ್ ಜಿಯಾ ಎದುರಿಗೇ ಇದ್ದಾಗ ಅದೇ ನ್ಯಾಯಾಲಯ 'ಅನಿವಾರ್ಯತೆ'ಯ ಹೆಸರಿನಲ್ಲಿ ಅವರ ಆಡಳಿತಕ್ಕೆ ಮುದ್ರೆ ಒತ್ತಿತು.

ಅಸ್ಮಾ ಕಾನೂನು ಪದವಿ ಪಡೆದದ್ದು ಆ ಜಿಯಾ ಕಾಲದಲ್ಲೇ, 1978ರಲ್ಲಿ. 1980ರಲ್ಲಿ ತಂಗಿ ಹಿನಾ ಜಿಲಾನಿ ಮೊದಲಾದವರೊಡನೆ ಮಹಿಳೆಯರೇ ನಡೆಸುವ ವಕೀಲಿ ಕಚೇರಿ ತೆರೆದರು. 1983ರಲ್ಲಿ ಜೈಲನ್ನೂ ಕಂಡರು.

ಅವರ ಎದೆಗಾರಿಕೆ ಎಂಥದೆಂದು ತಿಳಿಯಲು ಸಲಾಮತ್ ಮಸೀಹ್ ಪ್ರಕರಣವನ್ನು ನೋಡಬೇಕು. ಈ ಕ್ರೈಸ್ತ ಹುಡುಗ ಮಸೀದಿಯ ಗೋಡೆಯ ಮೇಲೆ ಧರ್ಮನಿಂದೆಯ ಮಾತು ಬರೆದನೆಂಬುದು ಆರೋಪ. ಹುಡುಗನಿಗೋ ಓದು ಬರಹ ಬಾರದು. ಬರಹವನ್ನು ಅಳಿಸಲಾಗಿತ್ತು, ಏನು ಬರೆದಿತ್ತೆಂದು ಕೇಳಿದರೆ, ಹೇಳಿದರೆ ಅದೂ ನಿಂದೆಯೇ ಎಂದು ಸಾಕ್ಷಿಗಳು ಬಾಯಿ ಬಿಡಲಿಲ್ಲ. ಆದರೂ ಕೆಳ ನ್ಯಾಯಾಲಯ ಮರಣದಂಡನೆ ವಿಧಿಸಿತು. ಸಹ ಆರೋಪಿಯೊಬ್ಬರು ಅದಕ್ಕೆ ಮೊದಲೇ, 1994ರಲ್ಲಿ, ಗುಂಡೇಟಿಗೆ ಬಲಿಯಾಗಿದ್ದರು. ಅಂಥ ಮೊಕದ್ದಮೆಯನ್ನು ಅಸ್ಮಾ ಹಿಡಿದರು. ಉದ್ರಿಕ್ತರ ಗುಂಪು ಹೈಕೋರ್ಟಿನ ಬಳಿ ಅವರ ಕಾರನ್ನು ಜಖಂಗೊಳಿಸಿತು. 1995ರ ಫೆಬ್ರವರಿಯಲ್ಲಿ ಹುಡುಗ ಬಿಡುಗಡೆಯಾದ. ಬಿಡುಗಡೆ ಮಾಡಿದ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಆರಿಫ್ ಇಕ್ಬಾಲ್ ಭಟ್ಟಿ 1997ರಲ್ಲಿ ತಮ್ಮ ಕಚೇರಿಯಲ್ಲೇ ಕೊಲೆಯಾದರು.

ಅಸ್ಮಾ ವಕಾಲತ್ತು ಬಿಡಲಿಲ್ಲ. 2007ರಲ್ಲಿ ಮುಷರಫ್ ತುರ್ತುಸ್ಥಿತಿ ಹೇರಿದಾಗ ಗೃಹಬಂಧನ, 2010ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯ ಪಟ್ಟ. 2018ರ ಫೆಬ್ರವರಿ 11ರಂದು ತೀರಿಕೊಂಡರು. ಲಾಹೋರಿನಲ್ಲಿ ನಡೆದ ಅಂತಿಮ ಪ್ರಾರ್ಥನೆಯಲ್ಲಿ, ಅಲ್ಲಿನ ರೂಢಿಗೆ ವ್ಯತಿರಿಕ್ತವಾಗಿ, ಹೆಂಗಸರೂ ಗಂಡಸರ ಜತೆಗೆ ಸಾಲಿನಲ್ಲಿ ನಿಂತಿದ್ದರು.