ಗೋಲು ಬಾರದ ಕಾಲ

2019ರ ಜನವರಿ 10, ಗುರುವಾರ. ಅಬುಧಾಬಿಯ ಜಾಯೆದ್ ಸ್ಪೋರ್ಟ್ಸ್ ಸಿಟಿ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಫುಟ್‌ಬಾಲಿನ ಭಾರತ–ಯುಎಇ ಪಂದ್ಯ. ದುಬೈನಿಂದ ನಾವು ನಾಲ್ವರು ಕನ್ನಡಿಗರು ಸಂಜೆಯೇ ಕಾರು ಹತ್ತಿದ್ದೆವು. ನಾಲ್ಕು ದಿನ ಮೊದಲು ಇದೇ ಊರಿನಲ್ಲಿ ಭಾರತ ಥಾಯ್ಲೆಂಡನ್ನು 4–1ರಿಂದ ಮಣಿಸಿತ್ತು. ಅದರಲ್ಲಿ ಎರಡು ಗೋಲು ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿಯವು. ಹಾಗಾಗಿ ನಮ್ಮ ಆಸೆ ದೊಡ್ಡದಾಗಿತ್ತು. ಆದರೆ ಉದಾಂತ ಸಿಂಗ್ ಒದ್ದ ಚೆಂಡು ಕ್ರಾಸ್‌ಬಾರಿಗೆ ಬಡಿದು ವಾಪಸು ಬಂತು. ಕೊನೆಗಳಿಗೆಯಲ್ಲಿ ಸಂದೇಶ್ ಜಿಂಗಾನ್ ತಲೆಯಿಂದ ಹೊಡೆದದ್ದೂ ಅಲ್ಲಿಗೇ ಬಡಿಯಿತು. ಖಲ್ಫಾನ್ ಮುಬಾರಕ್ ಮತ್ತು ಅಲಿ ಮಬ್‌ಖೌತ್ ಗಳಿಸಿದ ಗೋಲುಗಳಿಂದ ಯುಎಇ 2–0ರಿಂದ ಗೆದ್ದಿತು.

ಆಗ ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಕಚೇರಿಗೆ ಹೋದವನು ಎಮಿರಾತಿ ಸಹೋದ್ಯೋಗಿಯೊಬ್ಬರಿಗೆ ಅಭಿನಂದನೆ ಹೇಳಿದೆ. ಅವರ ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ. ಆಡಿದ್ದು ನಿಮ್ಮವರೇ, ನಮ್ಮ ತಂಡಕ್ಕೆ ಮುನ್ನುಗ್ಗುವುದೇ ಮರೆತುಹೋಗಿದೆ ಎಂದರು. ಗೆದ್ದ ಮೇಲೂ ಕೋಚ್ ಮೇಲೆ ಇಷ್ಟು ಮುನಿಸೇಕೆ? ಅದನ್ನು ಕೆದಕುತ್ತ ಹೋದಾಗ ನನಗೆ ಸಿಕ್ಕಿದ್ದು ಈ ದೇಶದ ಫುಟ್‌ಬಾಲಿನಲ್ಲಿ ಹಳೆಯ ಕಾಲದಿಂದ ಬಿಗಿದುಕೊಂಡಿದ್ದ ಒಂದು ಗಂಟು.

ಆ ಕೋಚ್ ಇಟಲಿಯ ಅಲ್ಬರ್ಟೊ ಝಕೆರೋನಿ. ಗೋಲಿನ ವಿದ್ಯೆ ತಿಳಿಯದವರಲ್ಲ. ಮುಂಪಡೆಯಲ್ಲಿ ಮೂವರನ್ನು ನಿಲ್ಲಿಸುವ 3–4–3 ವಿನ್ಯಾಸಕ್ಕೆ ಅವರು ಹೆಸರುವಾಸಿ. ಉದಿನೇಸೆಯಂಥ ಸಣ್ಣ ಕ್ಲಬ್ಬನ್ನು 1997–98ರಲ್ಲಿ ಇಟಲಿಯ ಲೀಗಿನ ಮೂರನೇ ಸ್ಥಾನಕ್ಕೆ ಏರಿಸಿದರು. ಮರುವರ್ಷವೇ ಎ.ಸಿ. ಮಿಲಾನ್‌ಗೆ ಪ್ರಶಸ್ತಿ ಗೆದ್ದುಕೊಟ್ಟರು. 2011ರಲ್ಲಿ ಜಪಾನಿಗೆ ಏಷ್ಯಾ ಕಪ್ ತಂದುಕೊಟ್ಟವರೂ ಅವರೇ. 2017ರ ಅಕ್ಟೋಬರಿನಲ್ಲಿ ಯುಎಇ ಅವರನ್ನು ಕರೆಸಿಕೊಂಡಿತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಕುವೈತಿನಲ್ಲಿ ಗಲ್ಫ್ ಕಪ್ ಬಂತು. ಮೊದಲ ಪಂದ್ಯದಲ್ಲಿ ಒಮಾನ್ ವಿರುದ್ಧ ಮಬ್‌ಖೌತ್ ಪೆನಾಲ್ಟಿಯಿಂದ ಒಂದು ಗೋಲು ಹೊಡೆದರು. ಆಮೇಲೆ ಸೌದಿ ಅರೇಬಿಯಾ ಜೊತೆ 0–0, ಕುವೈತ್ ಜೊತೆ 0–0, ಸೆಮಿಫೈನಲಿನಲ್ಲಿ ಇರಾಕ್ ಜೊತೆಗೂ 0–0. ಶೂಟೌಟಿನಲ್ಲಿ ಗೆದ್ದು ಫೈನಲ್ ತಲುಪಿದರೆ ಅಲ್ಲಿ ಮತ್ತೆ ಒಮಾನ್, ಮತ್ತೆ 0–0. ಆಟ ಮುಗಿಯುವ ಹೊತ್ತಿಗೆ ಸಿಕ್ಕ ಪೆನಾಲ್ಟಿಯನ್ನು ದೇಶದ ಕಣ್ಮಣಿ ಒಮರ್ ಅಬ್ದುಲ್‌ರಹಮಾನ್ ಒದ್ದರು. ಗೋಲ್‌ಕೀಪರ್ ತಡೆದ. ಶೂಟೌಟಿನಲ್ಲೂ ಅವರ ಒದೆತ ಫಲಿಸಲಿಲ್ಲ, ಕಪ್ ಕೈತಪ್ಪಿತು. ಐದು ಪಂದ್ಯಗಳ ಆಟದಲ್ಲಿ ಎದುರಾಳಿಗೆ ಒಂದು ಗೋಲನ್ನೂ ಬಿಟ್ಟುಕೊಡದ ತಂಡ ತಾನು ಹೊಡೆದದ್ದೂ ಒಂದೇ.

ಝಕೆರೋನಿಯವರನ್ನು ಬೈಯುವುದು ಸುಲಭ. ಆದರೆ ರಾಷ್ಟ್ರೀಯ ತಂಡದ ಕೋಚ್‌ಗೆ ಆಟಗಾರರು ಸಿಗುವುದು ವರ್ಷದಲ್ಲಿ ಕೆಲವೇ ವಾರ. ಎಲ್ಲಿ ನಿಲ್ಲಬೇಕು, ಯಾವ ಜಾಗ ಮುಚ್ಚಬೇಕು ಎಂಬ ರಕ್ಷಣೆಯ ಪಾಠವನ್ನು ಹತ್ತು ದಿನಗಳ ಶಿಬಿರದಲ್ಲಿ ಹೇಳಿಕೊಡಬಹುದು. ಆಕ್ರಮಣ ಹಾಗಲ್ಲ. ಚೆಂಡು ಕೊಡುವವನು ತಲೆ ಎತ್ತುವ ಮೊದಲೇ, ಪಡೆಯುವವನು ಎತ್ತ ಓಡುತ್ತಾನೆಂದು ಅವನಿಗೆ ಗೊತ್ತಿರಬೇಕು. ಅದಕ್ಕೆ ಬೇಕಾದ್ದು ವರ್ಷಗಳ ಒಡನಾಟ. ಅಂಥ ಒಡನಾಟ ಇದ್ದದ್ದು ಒಮರ್ ಮತ್ತು ಮಬ್‌ಖೌತ್ ನಡುವೆ. 2018ರ ಅಕ್ಟೋಬರಿನಲ್ಲಿ ಒಮರ್ ಮೊಣಕಾಲಿನ ಅಸ್ಥಿರಜ್ಜು ಹರಿದು ಏಷ್ಯಾ ಕಪ್ಪಿನಿಂದಲೇ ಹೊರಗುಳಿದಾಗ ಆ ಜೋಡಿ ಮುರಿಯಿತು.

ಹಿಂದಿನ ಕೋಚ್‌ಗಳೂ ಇದೇ ದಾರಿ ಹಿಡಿದಿದ್ದರು. 1989ರ ಅಕ್ಟೋಬರಿನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಬ್ರೆಜಿಲಿನ ಮಾರಿಯೊ ಝಗಾಲೊ ಯುಎಇಯನ್ನು ದಡ ಮುಟ್ಟಿಸಿದ್ದು ಒಂದು ಗೆಲುವು, ನಾಲ್ಕು ಡ್ರಾಗಳಿಂದ. ಮರುವರ್ಷ ಇಟಲಿಯಲ್ಲಿ ಕಾರ್ಲೋಸ್ ಆಲ್ಬರ್ಟೊ ಪರೇರಾ ಅವರ ಕೈಕೆಳಗೆ ಆಡಿದ ತಂಡ ಮೂರೂ ಪಂದ್ಯ ಸೋತಿತು. ಗಳಿಸಿದ ಗೋಲು ಎರಡು, ಬಿಟ್ಟುಕೊಟ್ಟದ್ದು 11. 1996ರಲ್ಲಿ ಇದೇ ಜಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಏಷ್ಯಾ ಕಪ್ ಫೈನಲ್ ನಡೆಯಿತು. ಆಗ ಕೋಚ್ ಕ್ರೊಯೇಷಿಯಾದ ತೊಮಿಸ್ಲಾವ್ ಇವಿಚ್. ಸೌದಿ ಜೊತೆ 0–0 ಆಗಿ ಶೂಟೌಟಿನಲ್ಲಿ ಸೋಲು.

ಈ ಗಂಟನ್ನು ಬಿಡಿಸಿದವರು ಹೊರದೇಶದವರಲ್ಲ, ದುಬೈನ ಅಲ್ ಅಹ್ಲಿ ಕ್ಲಬ್ಬಿನ ಹಳೆಯ ಆಟಗಾರ ಮಹ್ದಿ ಅಲಿ. 2008ರಲ್ಲಿ ಅವರ ಹುಡುಗರು ಏಷ್ಯಾದ 19 ವರ್ಷದೊಳಗಿನವರ ಪ್ರಶಸ್ತಿ ಗೆದ್ದರು. ಆ ಪೀಳಿಗೆಯ ಜೊತೆಜೊತೆಗೇ ಮಹ್ದಿ ಅಲಿಯವರೂ ಮೆಟ್ಟಿಲು ಹತ್ತಿದರು: 2009ರಲ್ಲಿ ಕಿರಿಯರ ವಿಶ್ವಕಪ್ಪಿನ ಕ್ವಾರ್ಟರ್‌ಫೈನಲ್, 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್ ಬೆಳ್ಳಿ, 2012ರಲ್ಲಿ ಲಂಡನ್ ಒಲಿಂಪಿಕ್ಸ್. ಬಳಿಕ ಹಿರಿಯರ ತಂಡದ ಹೊಣೆ, 2013ರಲ್ಲಿ ಗಲ್ಫ್ ಕಪ್. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಜಪಾನನ್ನು ಮನೆಗೆ ಕಳಿಸಿ ಏಷ್ಯಾದ ಮೂರನೇ ಸ್ಥಾನ. ಆ ಕೂಟದಲ್ಲಿ ಮಬ್‌ಖೌತ್ ಐದು ಗೋಲು ಗಳಿಸಿದರು. ಅದರಲ್ಲೊಂದು ಬಹರೇನ್ ವಿರುದ್ಧ ಪಂದ್ಯ ಶುರುವಾದ 14ನೇ ಸೆಕೆಂಡಿನಲ್ಲಿ ಬಂದದ್ದು. ಅವರಿಗೆ ಆಟ ಹೇಳಿಕೊಡಬೇಕಾಗಿರಲಿಲ್ಲ, ಒಬ್ಬರನ್ನೊಬ್ಬರು ಹುಡುಗರಾಗಿದ್ದಾಗಿನಿಂದ ಬಲ್ಲವರು.

ಆದರೆ ಆ ಪೀಳಿಗೆಯ ಹಿಂದೆ ಇನ್ನೊಂದು ಪೀಳಿಗೆ ಸಿದ್ಧವಾಗಿರಲಿಲ್ಲ. 2008ರಲ್ಲಿ ಲೀಗ್ ವೃತ್ತಿಪರವಾದ ಮೇಲೆ ಕ್ಲಬ್‌ಗಳು ದುಡ್ಡು ಸುರಿದು ತಂದದ್ದು ಹೆಚ್ಚಾಗಿ ವಿದೇಶಿ ಸ್ಟ್ರೈಕರ್‌ಗಳನ್ನು. ಅಲ್ ಐನ್‌ಗೆ ಘಾನಾದ ಅಸಮೋವಾ ಗ್ಯಾನ್, ಅಲ್ ವಹ್ದಾಗೆ ಅರ್ಜೆಂಟೀನಾದ ಸೆಬಾಸ್ಟಿಯನ್ ತಗ್ಲಿಯಾಬುವೆ. ಗೋಲು ಹೊಡೆಯುವ ಕೆಲಸ ಗುತ್ತಿಗೆಗೆ ಹೋಯಿತು, ಊರ ಹುಡುಗರಿಗೆ ಕಾವಲು ಉಳಿಯಿತು. 2017ರ ಮಾರ್ಚಿನಲ್ಲಿ ಜಪಾನ್ ಮತ್ತು ಆಸ್ಟ್ರೇಲಿಯಾ ವಿರುದ್ಧ ಎರಡು ಪಂದ್ಯಗಳಲ್ಲಿ ಗೋಲಿಲ್ಲದೆ ಸೋತ ಮಹ್ದಿ ಅಲಿ ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಎಡ್ಗಾರ್ಡೊ ಬೌಝಾ ಕೆಲವೇ ತಿಂಗಳಲ್ಲಿ ಹೊರಟುಹೋದರು. ಝಕೆರೋನಿಯವರಿಗೆ ಸಿಕ್ಕಿದ್ದು ಹಳೆಯ ಬೆಳೆಯ ಕೂಳೆ.

2019ರ ಏಷ್ಯಾ ಕಪ್ಪಿನಲ್ಲಿ ಆ ಕೂಳೆಯಲ್ಲೇ ಅವರು ಸೆಮಿಫೈನಲ್‌ವರೆಗೆ ಬಂದರು. ಮಬ್‌ಖೌತ್ ನಾಲ್ಕು ಗೋಲು ಗಳಿಸಿದ್ದರು. ಜನವರಿ 29ರಂದು ಎದುರಿಗೆ ನಿಂತದ್ದು ಕತಾರ್. ಅವರ ಕೋಚ್, ಸ್ಪೇನಿನ ಫೆಲಿಕ್ಸ್ ಸಾಂಚೆಜ್, 2006ರಿಂದ ದೋಹಾದ ಆಸ್ಪೈರ್ ಅಕಾಡೆಮಿಯಲ್ಲಿ ಹುಡುಗರನ್ನು ಪಳಗಿಸಿದವರು. 2014ರಲ್ಲಿ ಏಷ್ಯಾದ 19 ವರ್ಷದೊಳಗಿನವರ ಪ್ರಶಸ್ತಿ ಗೆದ್ದು, ಅದೇ ಹುಡುಗರಲ್ಲಿ ಹಲವರನ್ನು ಕರೆದುಕೊಂಡು ಹಿರಿಯರ ತಂಡಕ್ಕೆ ಬಂದವರು. ಮಹ್ದಿ ಅಲಿ ತುಳಿದ ದಾರಿಯೇ ಅದು. ಅಂದು ಕತಾರ್ 4–0ರಿಂದ ಗೆದ್ದಿತು. ಮೈದಾನಕ್ಕೆ ಬಾಟಲಿ, ಚಪ್ಪಲಿಗಳು ಬಿದ್ದವು. ಝಕೆರೋನಿಯವರ ಕಾಲವೂ ಅಲ್ಲಿಗೆ ಮುಗಿಯಿತು.

ನಗುವ ಹಕ್ಕು ನಮಗೂ ಇರಲಿಲ್ಲ. ಜನವರಿ 14ರಂದು ಶಾರ್ಜಾದಲ್ಲಿ ಬಹರೇನ್ ಜೊತೆ ಡ್ರಾ ಮಾಡಿಕೊಂಡಿದ್ದರೂ ಭಾರತ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಇಡೀ ಪಂದ್ಯ ಗೋಡೆ ಕಟ್ಟಿ ನಿಂತೆವು. ತೊಂಬತ್ತು ನಿಮಿಷ ದಾಟಿದ ಮೇಲೆ ಒಂದು ಪೆನಾಲ್ಟಿಯಿಂದ ಗೋಡೆ ಬಿತ್ತು. ನಮ್ಮ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಅಂದೇ ಹುದ್ದೆ ಬಿಟ್ಟರು.

ಆಮೇಲೆ ಇಲ್ಲಿ ಕೋಚ್‌ಗಳು ಬಂದರು, ಹೋದರು. ಇವಾನ್ ಯೊವಾನೊವಿಚ್ 2020ರಲ್ಲಿ ಒಂದು ಪಂದ್ಯವನ್ನೂ ಆಡಿಸದೆ ಹೊರಟರು. ಬ್ರೆಜಿಲ್‌ನಲ್ಲಿ ಹುಟ್ಟಿ ಇಲ್ಲಿಯ ಪೌರತ್ವ ಪಡೆದ ಫಾಬಿಯೊ ಲಿಮಾ 2024ರ ನವೆಂಬರಿನಲ್ಲಿ ಕತಾರ್ ವಿರುದ್ಧ ನಾಲ್ಕು ಗೋಲು ಬಾರಿಸಿ 5–0ರ ಗೆಲುವು ತಂದರು. ಊರೇ ಕುಣಿಯಿತು. ಆದರೆ ಒಂದು ವರ್ಷದ ಬಳಿಕ ಬಸ್ರಾದಲ್ಲಿ ಇರಾಕ್ ವಿರುದ್ಧ 1–2ರಿಂದ ಸೋತು 2026ರ ವಿಶ್ವಕಪ್ಪಿನ ಆಸೆಯೂ ಮುಗಿಯಿತು.

2017ರಲ್ಲಿ ಈ ದೇಶ ಇನ್ನೊಂದು ಬಾಗಿಲು ತೆರೆದಿದೆ. ಪೌರತ್ವ ಇಲ್ಲದಿದ್ದರೂ ಇಲ್ಲೇ ಹುಟ್ಟಿದವರು ಅಧಿಕೃತ ಕ್ರೀಡಾಕೂಟಗಳಲ್ಲಿ ಆಡಬಹುದು. ನಮ್ಮ ಮಕ್ಕಳೂ ಅವರಲ್ಲಿ ಸೇರಿದ್ದಾರೆ. ವಾರದ ಕೊನೆಯಲ್ಲಿ ಅಲ್ ಕುಸೈಸ್‌ನ ಮೈದಾನದ ಅಂಚಿನಲ್ಲಿ ನಿಂತಾಗ ಕನ್ನಡದಲ್ಲಿ, ತುಳುವಿನಲ್ಲಿ ಅಪ್ಪಂದಿರು ಕೂಗುವುದು ಕೇಳಿಸುತ್ತದೆ. ಹೆಚ್ಚಾಗಿ ಕೇಳುವ ಮಾತು ‘ಹಿಂದೆ ಬಾರೋ’ ಎಂಬುದೇ. ಮೊನ್ನೆ ಒಬ್ಬ ಹುಡುಗ ಆ ಮಾತು ಕೇಳದೆ ಇಬ್ಬರನ್ನು ದಾಟಿ, ಮೂರನೆಯವನ ಹತ್ತಿರ ಚೆಂಡು ಕಳೆದುಕೊಂಡ. ಎದುರು ತಂಡ ಅದೇ ಚೆಂಡಿನಿಂದ ಗೋಲು ಹೊಡೆಯಿತು. ಅಪ್ಪ ಬೈಯಲು ಬಾಯಿ ತೆರೆದರು. ಹುಡುಗ ತಿರುಗಿಯೂ ನೋಡದೆ ಮತ್ತೆ ಚೆಂಡು ಕೇಳುತ್ತಿದ್ದ.